ಅಜ್ಜನ ಅಂಬಾಸಿಡರ್, ಅಪ್ಪನ 800: ಯಾವುದನ್ನು ಉಳಿಸಲಿ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಮನೆಯಲ್ಲಿ ಎರಡು ಹಳೇ ಕಾರುಗಳಿವೆ. ಒಂದು ನಮ್ಮಜ್ಜ ತಗೊಂಡ 1964ರ ಅಂಬಾಸಿಡರ್ ಮಾರ್ಕ್ 2. ಇನ್ನೊಂದು ಅಪ್ಪ 1985ರಲ್ಲಿ ತಗೊಂಡ ಮಾರುತಿ 800, ಮೊದಮೊದಲು ಬಂತಲ್ಲ, ಆ ಡಬ್ಬಿ ಆಕಾರದ್ದು. ಎರಡೂ ಐದಾರು ವರ್ಷದಿಂದ ನಿಂತೇ ಇವೆ. ಈಗ ಮನೆ ರಿಪೇರಿ ನಡೆಯುತ್ತಿದೆ, ಕೊಟ್ಟಿಗೆಯಲ್ಲಿ ಒಂದೇ ಕಾರಿಗೆ ಜಾಗ. ಎರಡನ್ನೂ ಸರಿ ಮಾಡಿಸುವಷ್ಟು ದುಡ್ಡೂ ಇಲ್ಲ. ಎಲ್ಲರೂ ಅಂಬಾಸಿಡರ್ ಇಟ್ಟುಕೋ, 800 ಗುಜರಿಗೆ ಹಾಕು ಅನ್ನುತ್ತಿದ್ದಾರೆ. ಎರಡರಲ್ಲಿ ಯಾವುದು ಒಳ್ಳೆಯ ಕಾರು? ಯಾವುದನ್ನು ಇಟ್ಟುಕೊಳ್ಳಲಿ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಗುಜರಿಯವರಿಗೆ ಫೋನ್ ಮಾಡಿದ್ದರೆ ಬರಬೇಡಿ ಅಂತ ಮೊದಲು ಹೇಳಿಬಿಡಿ. ನಿಮ್ಮ ಪತ್ರ ಓದಿದ ಮೇಲೆ ನನಗೆ ಅಂಬಾಸಿಡರ್‌ಗಿಂತ ಆ 800ರ ಚಿಂತೆಯೇ ಜಾಸ್ತಿ ಆಗಿದೆ.

ಯಾವುದು ಒಳ್ಳೆಯ ಕಾರು ಅನ್ನುವುದು ಒಂದು ಪ್ರಶ್ನೆ. ಯಾವುದನ್ನು ಉಳಿಸಬೇಕು ಅನ್ನುವುದು ಬೇರೆ ಪ್ರಶ್ನೆ. ಒಂದೊಂದಾಗಿ ನೋಡೋಣ.

ನಿಮ್ಮಜ್ಜನ ಕಾರು ಹುಟ್ಟಿನಿಂದ ಇಂಗ್ಲೆಂಡಿನದು. ಅಲ್ಲಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನೇ ಹಿಂದುಸ್ತಾನ್ ಮೋಟರ್ಸ್‌ನವರು ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ಅಂಬಾಸಿಡರ್ ಅಂತ ಮಾಡತೊಡಗಿದರು. ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿ 2014ರ ಮೇ ತಿಂಗಳವರೆಗೂ ಮಾಡಿದರು. ನಿಮ್ಮಪ್ಪನ ಕಾರು ಜಪಾನಿನದು. ಸುಜುಕಿಯವರ 1979ರ ಸಣ್ಣ ಕಾರನ್ನು ಗುರುಗ್ರಾಮದಲ್ಲಿ ಮಾರುತಿ ಉದ್ಯೋಗ್‌ನವರು ಜೋಡಿಸಿ ಕೊಟ್ಟರು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಮೊದಲ ಕಾರಿನ ಕೀಲಿ ಕೊಟ್ಟರು. 1986ರಲ್ಲಿ ಆಕಾರ ಬದಲಾಯಿತು. ಅಂದರೆ ನಿಮ್ಮ ಮನೆಯಲ್ಲಿರುವ ಮಾದರಿ ಬಂದಿದ್ದು ಬರೀ ಎರಡು ಮೂರು ವರ್ಷ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಓಡಿಸುವ ವಿಷಯ. ಅಂಬಾಸಿಡರ್‌ನದು 1489 ಸಿಸಿ, ನಾಲ್ಕು ಸಿಲಿಂಡರ್, 50 ಅಶ್ವಶಕ್ತಿಯ ಆಸುಪಾಸು. 800ದು 796 ಸಿಸಿ, ಮೂರೇ ಸಿಲಿಂಡರ್, 40ಕ್ಕಿಂತ ಸ್ವಲ್ಪ ಕಡಿಮೆ. ಕಾಗದದ ಮೇಲೆ ದೊಡ್ಡದೇ ಗೆದ್ದಂತೆ ಕಾಣುತ್ತದೆ ಅಲ್ವಾ? ತೂಕ ನೋಡಿ. ಅಂಬಾಸಿಡರ್ ಸುಮಾರು 1,100 ಕಿಲೋ, 800 ಸುಮಾರು 620 ಕಿಲೋ. ಒಂದೊಂದು ಅಶ್ವಶಕ್ತಿ ಎಳೆಯಬೇಕಾದ ಭಾರ ಅಂಬಾಸಿಡರ್‌ನಲ್ಲಿ 20 ಕಿಲೋ ದಾಟುತ್ತದೆ, 800ರಲ್ಲಿ 16ರ ಹತ್ತಿರಕ್ಕೇ ನಿಲ್ಲುತ್ತದೆ. ಅದಕ್ಕೇ ಆ ಪುಟ್ಟ ಕಾರು ಬಂದ ಹೊಸದರಲ್ಲಿ ಜನ ಬೆರಗಾದರು. ಆಕ್ಸಿಲರೇಟರ್ ಮುಟ್ಟಿದರೆ ಕಾರು ಮುಂದಕ್ಕೆ ಚಿಮ್ಮುತ್ತದೆ ಅನ್ನುವ ಅನುಭವವೇ ಅಲ್ಲಿಯವರೆಗೆ ನಮ್ಮ ಬಹಳಷ್ಟು ಜನಕ್ಕೆ ಇರಲಿಲ್ಲ.

ನಾನು ಡ್ರೈವಿಂಗ್ ಕಲಿತಿದ್ದು ಅಂಬಾಸಿಡರ್‌ನಲ್ಲಿ. ಅದರ ಸುಖ ಬೇರೆ. ಮುಂದೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು, ಹಿಂದೆ ಪ್ಲೇಟ್ ಸ್ಪ್ರಿಂಗ್, 15 ಇಂಚಿನ ಚಕ್ರ. ಹೊಂಡ ಬಿದ್ದ ರಸ್ತೆಯಲ್ಲಿ ಹೊಂಡ ಬಂತು ಅಂತ ಗೊತ್ತಾಗುತ್ತದೆ, ಆದರೆ ಸೊಂಟಕ್ಕೆ ತಟ್ಟುವುದಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತವರು ತೂಕಡಿಸಿಕೊಂಡೇ ಶಿವಮೊಗ್ಗ ಮುಟ್ಟುತ್ತಿದ್ದರು. 800ರ 12 ಇಂಚಿನ ಚಕ್ರ ಅದೇ ಹೊಂಡಕ್ಕೆ ಪೂರ್ತಿ ಇಳಿದು ಹತ್ತುತ್ತದೆ. ಎರಡರ ಉದ್ದದಲ್ಲೇ ಒಂದು ಮೀಟರಿನಷ್ಟು ಫರಕಿದೆ. ಮದುವೆಗೆ ಇಡೀ ಮನೆ ಹೊರಡಬೇಕು ಅಂದರೆ ಅಂಬಾಸಿಡರ್. ಆಸ್ಪತ್ರೆಗೆ ಬೇಗ ಹೋಗಬೇಕು ಅಂದರೆ 800.

ಘಾಟಿಯ ಮಾತು ನಿಮ್ಮ ಕಡೆಯವರಿಗೆ ಹೇಳಲೇಬೇಕು. ಬೇಸಿಗೆಯಲ್ಲಿ ತುಂಬಿದ ಅಂಬಾಸಿಡರ್ ಹುಲಿಕಲ್ ಘಾಟಿ ಹತ್ತುವಾಗ ಎಂಜಿನ್ ಬಿಸಿಯಾಗಿ ಪೈಪಿನೊಳಗಿನ ಪೆಟ್ರೋಲ್ ಆವಿಯಾಗಿಬಿಡುತ್ತಿತ್ತು. ಕಾರು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದು ಪ್ರಯಾಣದ ಒಂದು ಭಾಗವೇ ಆಗಿತ್ತು. 800ರಲ್ಲಿ ಕರೆಂಟ್ ಫ್ಯಾನು, ಬಿಸಿ ಏರಿದಾಗ ತಾನೇ ತಿರುಗುತ್ತದೆ. ಆದರೆ ಮಳೆಗಾಲದ ಕೆಸರು ಏರಿನಲ್ಲಿ ಕಥೆ ತಿರುಗುಮುರುಗು. 800ರಲ್ಲಿ ಎಳೆಯುವುದು ಮುಂದಿನ ಚಕ್ರ. ಐದು ಜನ ಕೂತು ಏರು ಹತ್ತಿಸಿದರೆ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ಸುಮ್ನೆ ತಿರುಗಿ ಕೆಸರು ಎರಚುತ್ತದೆ. ಆಗ ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುತ್ತಿದ್ದರು, ನಿಮ್ಮಪ್ಪನೂ ಹಾಗೆ ಮಾಡಿರಬಹುದು, ಕೇಳಿ ನೋಡಿ. ಅಂಬಾಸಿಡರ್‌ನಲ್ಲಿ ಎಳೆಯುವುದು ಹಿಂದಿನ ಚಕ್ರವಾದ್ದರಿಂದ ಡಿಕ್ಕಿಯಲ್ಲಿ ಎರಡು ಚೀಲ ಅಡಿಕೆ ಇದ್ದರೆ ಇನ್ನೂ ಚೆನ್ನಾಗಿ ಹತ್ತುತ್ತಿತ್ತು.

ಖರ್ಚಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನನ್ನ ಅನುಭವದಲ್ಲಿ ಅಂಬಾಸಿಡರ್ ಲೀಟರಿಗೆ ಎಂಟೊಂಬತ್ತು ಕಿಲೋಮೀಟರ್ ಕೊಟ್ಟರೆ 800 ಹದಿನೈದು ದಾಟುತ್ತದೆ.

ಹಾಗಾಗಿ ಯಾವುದು ಒಳ್ಳೆಯ ಕಾರು ಅಂತ ಕೇಳಿದರೆ ನನ್ನ ಉತ್ತರ 800. ಅದು ಬೆಳಿಗ್ಗೆ ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು. ಹೀಗೆ ಹೇಳಿದರೆ ಈಗಿನ ಮಕ್ಕಳಿಗೆ ದೊಡ್ಡ ವಿಷಯ ಅನ್ನಿಸುವುದಿಲ್ಲ. ಚಳಿಗಾಲದ ಬೆಳಿಗ್ಗೆ ಮುಂದುಗಡೆ ಹ್ಯಾಂಡಲ್ ತೂರಿಸಿ ತಿರುಗಿಸಿದವರಿಗೆ, ನಾಲ್ಕು ಜನರಿಂದ ತಳ್ಳಿಸಿದವರಿಗೆ ಅದು ಗೊತ್ತು. ಮನೆಯಲ್ಲಿ ಡ್ರೈವರ್ ಇಲ್ಲದವರು, ರಿಪೇರಿ ಗೊತ್ತಿಲ್ಲದವರು ಕೂಡ ಧೈರ್ಯವಾಗಿ ಕಾರು ಇಟ್ಟುಕೊಳ್ಳಬಹುದು ಅಂತಾಗಿದ್ದು ಈ ಕಾರಿನಿಂದ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಮೊದಲು ಸ್ಟಿಯರಿಂಗ್ ಹಿಡಿದಿದ್ದು 800ರಲ್ಲೇ.

ಆದರೆ ಕೆಟ್ಟರೆ ಅಂಬಾಸಿಡರ್‌ನಷ್ಟು ಸುಲಭವಾಗಿ ಸರಿಯಾಗುವ ಕಾರು ಇನ್ನೊಂದಿಲ್ಲ. ಬಾನೆಟ್ ಎತ್ತಿದರೆ ಎಂಜಿನ್ ಪಕ್ಕ ಕೈ ಹಾಕುವಷ್ಟು ಜಾಗ. ಹಳ್ಳಿಯ ಮೇಸ್ತ್ರಿ ನಾಲ್ಕು ಸ್ಪ್ಯಾನರ್ ಹಿಡಿದುಕೊಂಡು ಮರದ ಕೆಳಗೆ ಎಂಜಿನ್ ಇಳಿಸಿ ಕಟ್ಟುತ್ತಿದ್ದರು.

ಇನ್ನು ಎರಡನೇ ಪ್ರಶ್ನೆ, ಯಾವುದನ್ನು ಉಳಿಸುವುದು. ಅಂಬಾಸಿಡರ್ ಸುಮಾರು 57 ವರ್ಷ ತಯಾರಾಯಿತು. ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಸಿಗುತ್ತವೆ. ಅದನ್ನು ಪ್ರೀತಿಸುವವರೂ ಬೇಕಾದಷ್ಟಿದ್ದಾರೆ. ನೀವು ಮಾರುತ್ತೇನೆ ಅಂದರೆ ಒಳ್ಳೆಯ ಮನೆ ಸೇರುತ್ತದೆ. 800ರ ಕಥೆ ಹಾಗಲ್ಲ. ಒಟ್ಟು 25 ಲಕ್ಷಕ್ಕೂ ಜಾಸ್ತಿ 800ಗಳು ಬಂದವು, ನಿಜ. ಬೀದಿ ತುಂಬಾ ಅದೇ ಇತ್ತು. ಅದಕ್ಕೇ ಯಾರೂ ಅದನ್ನು ಜೋಪಾನ ಮಾಡಲಿಲ್ಲ. ನಿಮ್ಮಲ್ಲಿರುವ ಮೊದಲ ಆಕಾರದ ಕಾರುಗಳು ಕಣ್ಣಿಗೆ ಬೀಳುವುದೇ ಅಪರೂಪ. ತಗಡು ತೆಳು, ಬೇಗ ತುಕ್ಕು ಹಿಡಿಯಿತು. ಗಾಜು, ದೀಪ, ಬಂಪರ್, ಬಾಗಿಲ ರಬ್ಬರ್ ಇವು 1986ರ ನಂತರದ ಕಾರಿನವು ಇದಕ್ಕೆ ಕೂರುವುದಿಲ್ಲ. ಹರ್ಪಾಲ್ ಸಿಂಗ್ ಅವರು ಆ ಮೊಟ್ಟಮೊದಲ ಕಾರನ್ನು ಕೊನೆವರೆಗೂ ಇಟ್ಟುಕೊಂಡಿದ್ದರು. 2010ರಲ್ಲಿ ಅವರು ತೀರಿಕೊಂಡ ಮೇಲೆ ಅದೂ ಮನೆ ಹೊರಗೆ ತುಕ್ಕು ಹಿಡಿಯುತ್ತಾ ನಿಂತಿತ್ತು. ದೇಶದ ಕಾರುಗಳ ಕಥೆಯನ್ನೇ ಬದಲಿಸಿದ ಕಾರು ಅದು! ಆಮೇಲೆ ಕಂಪನಿಯವರೇ ಅದನ್ನು ಸರಿ ಮಾಡಿ ತಮ್ಮ ಪ್ರಧಾನ ಕಚೇರಿಯಲ್ಲಿ ಇಟ್ಟರು. ಮೊದಲ ಕಾರಿನ ಗತಿಯೇ ಹಾಗಾಗಿತ್ತು ಅಂದ ಮೇಲೆ ಉಳಿದವನ್ನು ಕೇಳುವವರು ಯಾರು?

ಅದಕ್ಕೆ ನನ್ನ ಮಾತು: 800ರ ತಳ ಗಟ್ಟಿಯಾಗಿದ್ದರೆ 800 ಇಟ್ಟುಕೊಳ್ಳಿ. ಅಂಬಾಸಿಡರ್ ಅನ್ನು ಗೊತ್ತಿರುವವರಿಗೆ, ಓಡಿಸುವ ಆಸೆ ಇರುವವರಿಗೆ ಕೊಡಿ. ಮನಸ್ಸಿಗೆ ಕಷ್ಟ ಆಗುತ್ತದೆ. ಆದರೂ ಅಜ್ಜನ ಕಾರನ್ನು ಬೇರೊಬ್ಬರು ಉಳಿಸುತ್ತಾರೆ, ಅಪ್ಪನ ಕಾರನ್ನು ನೀವು ಬಿಟ್ಟರೆ ಬೇರೆ ಯಾರೂ ಉಳಿಸುವುದಿಲ್ಲ.

‘ತಳ ಗಟ್ಟಿ ಇದ್ದರೆ’ ಅಂದೆನಲ್ಲ, ಅದನ್ನು ನೋಡುವ ಬಗೆ ಹೇಳುತ್ತೇನೆ. ಅಂಬಾಸಿಡರ್‌ಗೆ ಲಾರಿಯ ತರ ಬೇರೆ ಚಾಸಿ, ಅಂದರೆ ಭಾರ ಹೊರುವ ಕೆಳಗಿನ ಚೌಕಟ್ಟು, ಇದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಎರಡರಲ್ಲೂ ಬಾಡಿಯೇ ಚಾಸಿ, ಅದು ಕೊಳೆತರೆ ಕಾರೇ ಹೋಯಿತು. ಮ್ಯಾಟ್ ಪೂರ್ತಿ ಕಿತ್ತುಹಾಕಿ. ಒಂದು ಸ್ಕ್ರೂಡ್ರೈವರ್ ತಗೊಂಡು ನೆಲ, ಬಾಗಿಲ ಕೆಳಗಿನ ಪಟ್ಟಿ, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ಕೆಳ ಅಂಚು, 800ರಲ್ಲಿ ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ಗಡೆ ಕೂರುವ ಜಾಗ, ಇಷ್ಟೂ ಕಡೆ ಒತ್ತಿ ನೋಡಿ. ಪುಸಕ್ಕನೆ ಒಳಗೆ ಹೋದರೆ ಅಲ್ಲಿ ಕೆಲಸ ಇದೆ. ಜೊತೆಗೆ ಒಂದು ಅಯಸ್ಕಾಂತ ಇರಲಿ. ಅದು ಅಂಟದ ಕಡೆ ತಗಡಿಲ್ಲ, ಪುಟ್ಟಿ ಮೆತ್ತಿದ್ದಾರೆ ಅಂತ ಅರ್ಥ. ನನಗೆ ಒಂದು ಗ್ಯಾರೇಜಿನಲ್ಲಿ ಹೀಗೇ ಆಯಿತು. ತಳ ಪೂರ್ತಿ ಹೊಸ ತಗಡು ಹಾಕಿ ವೆಲ್ಡ್ ಮಾಡಿದ್ದೇವೆ ಅಂತ ದುಡ್ಡು ತಗೊಂಡರು, ಒಂದು ಮಳೆಗಾಲ ಕಳೆದ ಮೇಲೆ ನೋಡಿದರೆ ತೂತಿನ ಮೇಲೆ ಪುಟ್ಟಿ ಹಾಕಿ ಕಪ್ಪು ಬಣ್ಣ ಬಳಿದಿದ್ದರು. ಇವತ್ತಿಗೂ ಅದು ನೆನಪಾದರೆ ಸಂಕಟವಾಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ತಳದ ಕೆಲಸಕ್ಕೆ ಬಣ್ಣ ಬಳಿಯುವ ಮೊದಲು ನೀವೇ ಹೋಗಿ ಕಣ್ಣಾರೆ ನೋಡಿ, ಫೋಟೋ ತೆಗೆದುಕೊಳ್ಳಿ.

ಒಂದು ವೇಳೆ 800ರ ತಳ ಪೂರ್ತಿ ಹೋಗಿದ್ದರೆ ಅಂಬಾಸಿಡರ್ ಇಟ್ಟುಕೊಳ್ಳಿ. ಆಗಲೂ 800ರ ದೀಪ, ಗಾಜು, ಬಾಗಿಲು, ಮೀಟರ್ ಬಿಚ್ಚಿ ಅದೇ ಮಾದರಿ ಇಟ್ಟುಕೊಂಡಿರುವವರಿಗೆ ಕೊಡಿ.

ಐದಾರು ವರ್ಷ ನಿಂತ ಕಾರಿಗೆ ಬ್ಯಾಟರಿ ಹಾಕಿ ಸೀದಾ ಸೆಲ್ಫ್ ಹೊಡೆಯಬೇಡಿ. ಹಳೇ ಪೆಟ್ರೋಲ್ ಇಳಿಸಿ, ಆಯಿಲ್ ಬದಲಿಸಿ, ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ನಾಲ್ಕೈದು ಹನಿ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಆಮೇಲೆ ಕೈಯಲ್ಲಿ ತಿರುಗಿಸಿ, ಅಂಬಾಸಿಡರ್‌ಗೆ ಹ್ಯಾಂಡಲ್ ಇದೆ, 800ಕ್ಕೆ ಕೆಳಗಿನ ಪುಲ್ಲಿಗೆ ಸ್ಪ್ಯಾನರ್ ಹಾಕಬೇಕು. ಮರೆಯಬಾರದ ಇನ್ನೊಂದು ವಿಷಯ: ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸಲು ಅಂಬಾಸಿಡರ್‌ನಲ್ಲಿ ಟೈಮಿಂಗ್ ಚೈನ್, 800ರಲ್ಲಿ ರಬ್ಬರ್ ಬೆಲ್ಟ್. ನಿಂತು ನಿಂತು ಆ ಬೆಲ್ಟ್ ಒಣಗಿರುತ್ತದೆ. ಸ್ಟಾರ್ಟ್ ಮಾಡುವ ಮೊದಲೇ ಅದನ್ನು ಬದಲಿಸಿ. ಬ್ರೇಕ್ ಪೈಪು, ವೀಲ್ ಸಿಲಿಂಡರಿನ ರಬ್ಬರ್ ಎರಡು ಕಾರಿಗೂ ಹೊಸದೇ ಆಗಬೇಕು.

ಪ್ರಶ್ನೆ: ನನ್ನದು 1970ರ ಅಂಬಾಸಿಡರ್. ಈಗಿನ ಪೆಟ್ರೋಲ್ ಹಾಕಿದರೆ ಎಂಜಿನ್ ಹಾಳಾಗುತ್ತದೆ ಅಂತ ಹೆದರಿಸುತ್ತಾರೆ. ನಿಜವಾ?
– ದಾವಣಗೆರೆಯಿಂದ

ಉತ್ತರ: ಅರ್ಧ ನಿಜ. ಎರಡು ಬೇರೆ ವಿಷಯಗಳನ್ನು ಜನ ಒಂದೇ ಮಾಡಿ ಹೇಳುತ್ತಾರೆ.

ಒಂದು ಸೀಸ. ನಿಮ್ಮ ಎಂಜಿನ್ ಬಂದ ಕಾಲದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ವಾಲ್ವ್ ಬಂದು ಕೂರುವ ಜಾಗ ಬೇಗ ಸವೆಯದ ಹಾಗೆ ಅದು ಕಾಪಾಡುತ್ತಿತ್ತು. 2000ನೇ ಇಸವಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತಿತು. ನಿಲ್ಲಿಸಿದ್ದು ಒಳ್ಳೆಯದೇ, ಸೀಸ ಮಕ್ಕಳ ಮಿದುಳಿಗೆ ವಿಷ. ಆದರೆ ಸೀಸ ಇಲ್ಲದೆ ನಿಮ್ಮ ಎಂಜಿನ್ನಿನ ಹಳೇ ಕಬ್ಬಿಣದ ಹೆಡ್‌ನಲ್ಲಿ (ಮೇಲಿನ ಮುಚ್ಚಳದ ಭಾಗ) ವಾಲ್ವ್ ಕೂರುವ ಆ ಸೀಟು ನಿಧಾನವಾಗಿ ಸವೆಯುತ್ತದೆ. ವಾಲ್ವ್ ಮೇಲೆ ಬಿಡುವ ಟ್ಯಾಪೆಟ್ ಸಂದು ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಇದೇ ಕಾರಣ. ಹೆಡ್ ಕೆಲಸ ಬಂದಾಗ ಗಟ್ಟಿ ಲೋಹದ ಸೀಟ್ ಕೂರಿಸಿ ಅಂತ ಮೇಸ್ತ್ರಿಗೆ ಹೇಳಿ. ಒಂದು ಸಲದ ಕೆಲಸ. ಅದಕ್ಕೋಸ್ಕರವೇ ಈಗಲೇ ಹೆಡ್ ಬಿಚ್ಚಿಸಬೇಡಿ.

ಇನ್ನೊಂದು ಎಥನಾಲ್. ಈಗ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥನಾಲ್ ಇರುತ್ತದೆ. ಅದು ಹಳೇ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಟ್ಯಾಂಕ್ ಒಳಗೆ ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬುರೇಟರ್ ವಾಷರ್‌ಗಳನ್ನು ಎಥನಾಲ್ ತಡೆಯುವಂಥ ಹೊಸ ಮಾಲಿಗೆ ಬದಲಿಸಿ. ಟ್ಯಾಂಕಿನಿಂದ ಬರುವ ದಾರಿಯಲ್ಲಿ ಒಂದು ಪಾರದರ್ಶಕ ಫಿಲ್ಟರ್ ಹಾಕಿಸಿದರೆ ಕಸ ಕಣ್ಣಿಗೆ ಕಾಣುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ. ಪೈಪು ಸೋರಿ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಬಿದ್ದರೆ ಬೆಂಕಿ. ಇದೊಂದನ್ನು ದಯವಿಟ್ಟು ಮುಂದೂಡಬೇಡಿ.

ಪ್ರಶ್ನೆ: ಹ್ಯಾಂಡ್ ಗೇರ್ ಅಂಬಾಸಿಡರ್ ಕೊಂಡಿದ್ದೇನೆ. ಫಸ್ಟ್ ಗೇರಿಗೆ ಹಾಕುವಾಗ ಕರಕರ ಶಬ್ದ ಬರುತ್ತದೆ. ಗೇರ್‌ಬಾಕ್ಸ್ ಹೋಗಿದೆಯಾ? ಮತ್ತೆ ಆ ಕಾಲದಲ್ಲಿ ಗೇರನ್ನು ಸ್ಟಿಯರಿಂಗ್ ಪಕ್ಕ ಯಾಕೆ ಇಟ್ಟಿದ್ದರು?
– ಹಾವೇರಿ

ಉತ್ತರ: ಕಾರು ಚಲಿಸುತ್ತಿರುವಾಗ ಶಬ್ದ ಬಂದರೆ ಗಾಬರಿ ಬೇಡ. ಈ ಗೇರ್‌ಬಾಕ್ಸಿನಲ್ಲಿ ಎರಡು, ಮೂರು, ನಾಲ್ಕನೇ ಗೇರಿಗೆ ಮಾತ್ರ ಸಿಂಕ್ರೊಮೆಶ್ (ಗೇರುಗಳ ವೇಗ ಹೊಂದಿಸಿ ಶಬ್ದವಿಲ್ಲದೆ ಕಚ್ಚಿಸುವ ಏರ್ಪಾಡು) ಇದೆ, ಒಂದನೆಯದಕ್ಕಿಲ್ಲ. ಕಾರು ಪೂರ್ತಿ ನಿಂತ ಮೇಲೆ ಫಸ್ಟ್ ಹಾಕಿ. ನಿಂತಿದ್ದರೂ ಕಚ್ಚದಿದ್ದರೆ ಒಮ್ಮೆ ಸೆಕೆಂಡ್ ಕಡೆ ಮುಟ್ಟಿಸಿ ಆಮೇಲೆ ಫಸ್ಟ್‌ಗೆ ಎಳೆಯಿರಿ. ಹಾಗೂ ಕರಕರ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅದನ್ನು ಸರಿ ಮಾಡಿಸಿ.

ಗೇರ್ ಮೇಲೆ ಇದ್ದಿದ್ದು ಮುಂದಿನ ಸೀಟಿಗಾಗಿ. ಆ ಉದ್ದ ಸೀಟಿನಲ್ಲಿ ಡ್ರೈವರ್ ಜೊತೆ ಇನ್ನಿಬ್ಬರು ಕೂರಬೇಕಲ್ಲ, ನಡುವೆ ಗೇರ್ ಕಡ್ಡಿ ಇದ್ದರೆ ಕಾಲಿಡುವುದು ಎಲ್ಲಿ? ಸ್ಟಿಯರಿಂಗ್‌ನಿಂದ ಗೇರ್‌ಬಾಕ್ಸಿನವರೆಗೆ ಹೋಗುವ ಕಡ್ಡಿಗಳ ಕೀಲುಗಳು ಸವೆದು ಸಡಿಲವಾದರೆ ಗೇರ್ ಸಿಕ್ಕಿಹಾಕಿಕೊಳ್ಳುತ್ತದೆ. ಆ ಬುಷ್‌ಗಳನ್ನು ಬದಲಿಸಿ ಗ್ರೀಸ್ ಹಚ್ಚಿದರೆ ಬೆಣ್ಣೆಯ ಹಾಗೆ ಬೀಳುತ್ತದೆ. ಮುಂದೆ 1990ರ ದಶಕದಲ್ಲಿ ಇಸುಝು ಎಂಜಿನ್ನಿನ ಅಂಬಾಸಿಡರ್ ಬಂದಾಗ ಐದು ಗೇರು, ಅದೂ ನೆಲದ ಮೇಲೆ.

ಪ್ರಶ್ನೆ: ನಮ್ಮ ಮನೆಯ ಫಿಯೆಟ್ 1968ರದು. ವಿಂಟೇಜ್ ಅಂತ ನೋಂದಣಿ ಮಾಡಿಸಿದರೆ ಒಳ್ಳೆಯದಾ? ದಿನಾ ಆಫೀಸಿಗೆ ಓಡಿಸಬಹುದಾ?
– ಮೈಸೂರಿನಿಂದ

ಉತ್ತರ: ದಿನಾ ಓಡಿಸುವ ಆಸೆ ಇದ್ದರೆ ಬೇಡ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರು, ಬೈಕುಗಳಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಹೊಸದಾಗಿ ಮಾಡಿಸುವವರಿಗೆ ‘ವಿಎ’ ಅಕ್ಷರದ ನಂಬರ್, ಮೊದಲೇ ನೋಂದಣಿ ಇದ್ದವರು ಹಳೇ ನಂಬರ್ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯ ಅಂತ ಇದ್ದ ಕಾಲದ ‘ಎಂವೈ’ ನಂಬರ್ ನಿಮ್ಮಲ್ಲಿದ್ದರೆ ಯಾವ ಕಾರಣಕ್ಕೂ ಬಿಡಬೇಡಿ. ಆದರೆ ಈ ನೋಂದಣಿ ಆದ ಮೇಲೆ ಕಾರನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕಷ್ಟೇ ರಸ್ತೆಗೆ ತರಬೇಕು. ಆಫೀಸಿಗೆ ಆಗುವುದಿಲ್ಲ.

ನಿಮಗೆ ಸರಿಯಾಗುವುದು ಸಾಮಾನ್ಯ ಆರ್‌ಸಿ ನವೀಕರಣ. ಐದೈದು ವರ್ಷಕ್ಕೆ ಒಮ್ಮೆ ಆರ್‌ಟಿಒಗೆ ಕಾರು ಒಯ್ದು ತೋರಿಸಬೇಕು. 20 ವರ್ಷ ದಾಟಿದ ಗಾಡಿಗಳಿಗೆ ಶುಲ್ಕ ಈಚೆಗೆ ಏರಿದೆ, ಹೋಗುವ ಮೊದಲು ಕೇಳಿಕೊಳ್ಳಿ. ಹಿಂದೆ ಯಾರಾದರೂ ಡೀಸೆಲ್ ಎಂಜಿನ್ ಕೂರಿಸಿದ್ದರೆ ಅದು ಆರ್‌ಸಿಯಲ್ಲಿ ಬರೆದಿದೆಯೇ ಅಂತ ಮೊದಲು ನೋಡಿ. ಅಲ್ಲೇ ಬಹಳ ಜನ ಸಿಕ್ಕಿಬೀಳುವುದು.

ಪ್ರಶ್ನೆ: ಹಳೇ ಕಾರೇ ಗಟ್ಟಿ, ಅಪಘಾತವಾದರೂ ಏನೂ ಆಗುವುದಿಲ್ಲ ಅಂತ ನಮ್ಮ ಮಾವ ಅನ್ನುತ್ತಾರೆ. ಮಗಳಿಗೆ ಅವರ ಅಂಬಾಸಿಡರ್ ಕೊಡಬಹುದಾ?
– ತುಮಕೂರು

ಉತ್ತರ: ಬೇಡ. ತಗಡು ದಪ್ಪ ಇದ್ದರೆ ಕಾರು ಉಳಿಯಬಹುದು, ಒಳಗಿರುವವರಿಗೆ ಪೆಟ್ಟು ತಪ್ಪುವುದಿಲ್ಲ. ಈಗಿನ ಕಾರಿನ ಮುಂಭಾಗ ನುಜ್ಜುಗುಜ್ಜಾಗಿ ಪೆಟ್ಟನ್ನು ತಾನೇ ನುಂಗುತ್ತದೆ. ಹಳೇ ಅಂಬಾಸಿಡರ್‌ನಲ್ಲಿ ಪೆಟ್ಟು ನೇರವಾಗಿ ಒಳಗಿರುವವರಿಗೆ ಬರುತ್ತದೆ. ಸ್ಟಿಯರಿಂಗ್ ಕಂಬ ಮಡಚಿಕೊಳ್ಳುವುದಿಲ್ಲ, ಎದೆಗೇ ಬಡಿಯುತ್ತದೆ. ಏರ್‌ಬ್ಯಾಗ್ ಇಲ್ಲ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಹಳೇ 800 ಕೂಡ ಈ ವಿಷಯದಲ್ಲಿ ಹೆಚ್ಚೇನೂ ಮೇಲಲ್ಲ, ತಗಡು ಬೇರೆ ತೆಳು. ಮಗಳಿಗೆ ಏರ್‌ಬ್ಯಾಗ್, ಎಬಿಎಸ್ ಇರುವ ಕಾರು ಕೊಡಿಸಿ. ಅಂಬಾಸಿಡರ್ ಅನ್ನು ಭಾನುವಾರ ಬೆಳಿಗ್ಗೆ, ಹೆದ್ದಾರಿ ಬಿಟ್ಟು, ನಿಮ್ಮ ಮಾವನನ್ನು ಪಕ್ಕ ಕೂರಿಸಿಕೊಂಡು ಅವಳೇ ನಿಧಾನವಾಗಿ ಓಡಿಸಲಿ. ಮುಂದಿನ ಸೀಟಿಗೆ ಬೆಲ್ಟ್ ಕೂರಿಸಬಹುದು, ಅದನ್ನು ಮಾಡಿಸಿದ ಮೇಲೆ ಕೀಲಿ ಕೊಡಿ.